ಸಿಪ್ಯಾನೆಲ್ ಇರುವ ಶೇರ್ಡ್ ಹೋಸ್ಟಿಂಗ್: ಶಿರಸಿಯ ಹೋಮ್‌ಸ್ಟೇ ಸೈಟಿಗೆ ನಾಲ್ಕೈದು ವರ್ಷ ಬಳಸಿದ ಮೇಲೆ

ಶಿರಸಿ ಹತ್ತಿರ ನಮ್ಮದೊಂದು ಸಣ್ಣ ಹೋಮ್‌ಸ್ಟೇ ಇದೆ. ಯಾಣ, ಸಹಸ್ರಲಿಂಗ, ಉಂಚಳ್ಳಿ ಜಲಪಾತ ನೋಡಲು ಬರುವವರು ಸೈಟ್‌ನಲ್ಲೇ ರೂಮ್ ಬುಕ್ ಮಾಡುತ್ತಾರೆ. ಜೊತೆಗೆ ಮುರುಗಲು ಸಿರಪ್, ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲ ಮಾರುತ್ತೇವೆ. ಸೈಟ್ ಕಟ್ಟಿದ್ದು ವರ್ಡ್‌ಪ್ರೆಸ್ ಎಂಬ ಸಾಫ್ಟ್‌ವೇರ್‌ನಲ್ಲಿ. ಇಟ್ಟಿರುವುದು ಶೇರ್ಡ್ ಹೋಸ್ಟಿಂಗ್‌ನಲ್ಲಿ, ಅಂದರೆ ಒಂದೇ ಸರ್ವರ್‌ನಲ್ಲಿ ಹಲವರ ಸೈಟ್ ಇರುವ ಬಾಡಿಗೆ ಜಾಗದಲ್ಲಿ. ಆ ಜಾಗವನ್ನು ನಾವೇ ನೋಡಿಕೊಳ್ಳಲು ಕೊಟ್ಟಿರುವ ಕಂಟ್ರೋಲ್ ಪ್ಯಾನೆಲ್ಲೇ ಸಿಪ್ಯಾನೆಲ್. ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ಥರದ ಪ್ಲ್ಯಾನ್ ಬೇರೆ ಬೇರೆ ಹೆಸರಲ್ಲಿ ಎಲ್ಲರೂ ಮಾರುತ್ತಾರೆ, ಅಲ್ವಾ?

ಸ್ಪೀಡ್ ಬಗ್ಗೆ ಹೇಳಲು ನನ್ನ ಹತ್ತಿರ ಜಾಸ್ತಿ ಇಲ್ಲ. ನಮ್ಮಂಥ ಸೈಟಿಗೆ ಯಾವ ಹೋಸ್ಟಿಂಗ್ ಆದರೂ ಸಾಕು. ‘99.9% ಅಪ್‌ಟೈಮ್’ ಅನ್ನುವ ಜಾಹೀರಾತಿಗೂ ನಾನು ಬೆಲೆ ಕೊಡುವುದಿಲ್ಲ. ಸರ್ವರ್ ಓಡುತ್ತಲೇ ಇರುತ್ತದೆ, ನಮ್ಮ ಸೈಟ್ ಮಾತ್ರ 500 ಎರರ್ ತೋರಿಸುತ್ತಿರುತ್ತದೆ. ಅವರ ಲೆಕ್ಕದಲ್ಲಿ ಅದು ಡೌನ್ ಅಲ್ಲ. ಹೋಸ್ಟಿಂಗ್ ಎಂಥದ್ದು ಅಂತ ಗೊತ್ತಾಗುವುದು ಆ ದಿನವೇ. ವರ್ಡ್‌ಪ್ರೆಸ್‌ನ ಮುಂಬಾಗಿಲು ಮುಚ್ಚಿಹೋದಾಗ ಒಳಗೆ ಹೋಗಲು ಹಿತ್ತಲ ಬಾಗಿಲು ಎಷ್ಟಿದೆ ಅನ್ನುವುದಕ್ಕೆ ನಾನು ಮಾರ್ಕ್ಸ್ ಕೊಡುತ್ತೇನೆ.

500 ಅಂದರೆ ‘ಸರ್ವರ್ ಕಡೆ ಏನೋ ಕೆಟ್ಟಿದೆ’ ಅಂತ, ಅಷ್ಟೇ. ಏನು ಕೆಟ್ಟಿದೆ ಅಂತ ಅದು ಹೇಳುವುದಿಲ್ಲ. ಆದರೆ ಪುಟದ ಮುಖ ನೋಡಿಯೇ ಅರ್ಧ ಊಹೆ ಮಾಡಬಹುದು. ‘ದೇರ್ ಹ್ಯಾಸ್ ಬೀನ್ ಎ ಕ್ರಿಟಿಕಲ್ ಎರರ್’ ಅಂತ ವರ್ಡ್‌ಪ್ರೆಸ್ಸೇ ಬರೆದು ತೋರಿಸಿದರೆ ಪಿಎಚ್‌ಪಿ (ವರ್ಡ್‌ಪ್ರೆಸ್ ಬರೆದಿರುವ ಪ್ರೋಗ್ರಾಮಿಂಗ್ ಭಾಷೆ) ಓಡುತ್ತಿದೆ, ಪ್ಲಗಿನ್ನೋ (ಸೈಟಿಗೆ ಸೇರಿಸುವ ಹೆಚ್ಚುವರಿ ಸೌಲಭ್ಯ) ಥೀಮೋ (ಸೈಟಿನ ವಿನ್ಯಾಸ) ಎಡವಿದೆ. ‘ಇಂಟರ್ನಲ್ ಸರ್ವರ್ ಎರರ್’ ಅಂತ ಬೋಳು ಬಿಳಿ ಪುಟದಲ್ಲಿ ದಪ್ಪ ಅಕ್ಷರ ಬಂದರೆ, ಹೆಚ್ಚಾಗಿ ತಪ್ಪು ವರ್ಡ್‌ಪ್ರೆಸ್‌ಗಿಂತ ಮೊದಲೇ ಇದೆ. ಆಗ ಸರ್ವರ್‌ಗೆ ಸೂಚನೆ ಕೊಡುವ ಡಾಟ್ ಎಚ್‌ಟಿಆಕ್ಸೆಸ್ (.htaccess) ಫೈಲನ್ನೋ, ಫೈಲನ್ನು ಯಾರು ಓದಬಹುದು, ಯಾರು ಬದಲಿಸಬಹುದು ಅಂತ ಹೇಳುವ ಫೈಲ್ ಪರ್ಮಿಶನ್ನನ್ನೋ ನೋಡಬೇಕು. ಬ್ರೌಸರ್ ತನ್ನದೇ ಪುಟ ಹಾಕಿ ‘ಎಚ್‌ಟಿಟಿಪಿ ಎರರ್ 500’ ಅಂದರೆ ಸರ್ವರ್ ಏನೂ ಬರೆಯದೆ ಸುಮ್ನೆ ಸತ್ತಿದೆ.

ಇನ್ನೊಂದು ವಿಚಿತ್ರ ಇದೆ. ಸರ್ವರ್‌ನಲ್ಲಿ ಕ್ಯಾಶ್ (ಮೊದಲೇ ತಯಾರಿಸಿಟ್ಟ ಪುಟದ ಪ್ರತಿ) ಇದ್ದರೆ ಹೋಮ್‌ಪೇಜ್ ಚೆನ್ನಾಗಿಯೇ ತೆರೆಯುತ್ತದೆ. ಲಾಗಿನ್ ಪುಟ, ಬುಕಿಂಗ್ ಫಾರ್ಮ್ ಮಾತ್ರ 500. ಅತಿಥಿಗಳು ‘ಸೈಟ್ ಬರ್ತಾ ಇದೆ, ಬುಕ್ ಆಗ್ತಾ ಇಲ್ಲ’ ಅಂತ ಫೋನ್ ಮಾಡುತ್ತಾರೆ. ಸಪೋರ್ಟ್ ಚಾಟ್‌ನವರು ಹೋಮ್‌ಪೇಜ್ ತೆರೆದು ನೋಡಿ ‘ನಮ್ಮ ಕಡೆ ಸರಿ ಇದೆ’ ಅನ್ನುತ್ತಾರೆ.

ಸಪೋರ್ಟ್‌ಗೆ ನನ್ನ ಮಾರ್ಕ್ಸ್ ಕಡಿಮೆ. ಬೇಗ ಉತ್ತರ ಕೊಡುತ್ತಾರೆ, ನಿಜ. ಆದರೆ ಮೊದಲ ಉತ್ತರ ಯಾವಾಗಲೂ ‘ಬ್ರೌಸರ್ ಕ್ಯಾಶ್ ಕ್ಲಿಯರ್ ಮಾಡಿ’. 500 ಸರ್ವರ್‌ನ ರೋಗ ಮಾರಾಯ್ರೇ, ನನ್ನ ಬ್ರೌಸರ್ ತೊಳೆದರೆ ಏನಾಗಬೇಕು? ಎರಡನೇ ಉತ್ತರ ‘ಪ್ಲ್ಯಾನ್ ಅಪ್‌ಗ್ರೇಡ್ ಮಾಡಿ’. ದುಡ್ಡು ಕೊಡುವ ಮೊದಲು ಸಿಪ್ಯಾನೆಲ್‌ನಲ್ಲಿ ರಿಸೋರ್ಸ್ ಯೂಸೇಜ್ ಇದ್ದರೆ ತೆರೆದು ನೋಡಿ. ಪ್ಲ್ಯಾನ್‌ನ ಮೆಮೊರಿ ಮುಂತಾದವುಗಳ ಮಿತಿ ಮುಟ್ಟಿದ್ದರೆ ಅಲ್ಲಿ ಫಾಲ್ಟ್ ಅಂತ ದಾಖಲಾಗಿರುತ್ತದೆ. ಅಲ್ಲಿ ಸೊನ್ನೆ ಇದ್ದರೆ ಅಪ್‌ಗ್ರೇಡ್‌ನಿಂದ ಏನೂ ಆಗುವುದಿಲ್ಲ.

ಈಗ ಈ ಪ್ಲ್ಯಾನ್‌ನ ನಿಜವಾದ ಗುಣಕ್ಕೆ ಬರುತ್ತೇನೆ. ಅದು ಎರರ್ ಲಾಗ್, ಅಂದರೆ ಆದ ತಪ್ಪುಗಳನ್ನು ಬರೆದಿಡುವ ಫೈಲ್. ಸೈಟ್ ಎಷ್ಟೇ ಹಾಳಾಗಿರಲಿ, ಸಿಪ್ಯಾನೆಲ್ ಬೇರೆ ವಿಳಾಸದಲ್ಲಿ, ಬೇರೆ ಪಾಸ್‌ವರ್ಡ್‌ನಲ್ಲಿ ತೆರೆಯುತ್ತದೆ. ಫೈಲ್ ಮ್ಯಾನೇಜರ್‌ಗೆ ಹೋಗಿ ಎರರ್_ಲಾಗ್ ಫೈಲಿನ ಕೊನೆಯ ಸಾಲು ಓದಿದರೆ ಯಾವ ಪ್ಲಗಿನ್, ಯಾವ ಫೈಲ್, ಎಷ್ಟನೇ ಸಾಲು ಅಂತ ಸ್ಪಷ್ಟವಾಗಿ ಇರುತ್ತದೆ. ‘134217728 ಬೈಟ್ಸ್ ಎಕ್ಸಾಸ್ಟೆಡ್’ ಅಂದರೆ ಗಾಬರಿ ಬೇಡ, ಅದು 128 ಎಂಬಿ ಮೆಮೊರಿ ಮುಗಿಯಿತು ಅನ್ನುವ ಮಾತು. ಪಿಎಚ್‌ಪಿಗಿಂತ ಮೊದಲೇ ಆದ ತಪ್ಪುಗಳು ಸಿಪ್ಯಾನೆಲ್‌ನ ‘ಎರರ್ಸ್’ ಪುಟದಲ್ಲಿ ಸಿಗುತ್ತವೆ.

ಅಂತರ್ಜಾಲದಲ್ಲಿ ಎಲ್ಲರೂ ಕೊಡುವ ಸಲಹೆ, ಪ್ಲಗಿನ್ಸ್ ಫೋಲ್ಡರ್‌ನ ಹೆಸರನ್ನೇ ಬದಲಿಸಿ ಅಂತ. ಕೆಲಸ ಆಗುತ್ತದೆ. ಆದರೆ ಅದಾದ ಮೇಲೆ ಅಡ್ಮಿನ್‌ನ ಪ್ಲಗಿನ್ ಪುಟ ತೆರೆದರೆ ಎಲ್ಲವೂ ಒಟ್ಟಿಗೆ ಡಿಆಕ್ಟಿವೇಟ್ ಆಗುತ್ತವೆ, ಬುಕಿಂಗ್, ಪೇಮೆಂಟ್ ಸೇರಿ. ಮತ್ತೆ ಒಂದೊಂದೇ ಹಚ್ಚಬೇಕು. ಲಾಗ್‌ನಲ್ಲಿ ಹೆಸರು ಸಿಕ್ಕಿದ್ದರೆ ಆ ಒಂದು ಪ್ಲಗಿನ್‌ನ ಫೋಲ್ಡರ್ ಹೆಸರು ಬದಲಿಸಿದರೆ ಸಾಕು. ಈ ಕೆಲಸ ಮೊಬೈಲ್‌ನಲ್ಲೂ ಆಗುತ್ತದೆ. ಶಿರಸಿ ಮಳೆಯಲ್ಲಿ ಕರೆಂಟ್ ಹೋಗಿ ಮೋಡೆಮ್ ಆರಿಹೋದಾಗ ಮೊಬೈಲೇ ಗತಿ. ಫೈಲ್ ಮ್ಯಾನೇಜರ್‌ನ ಬಟನ್‌ಗಳು ಮಾತ್ರ ಬೆರಳಿಗಿಂತ ಸಣ್ಣವು.

ಡಾಟ್ ಎಚ್‌ಟಿಆಕ್ಸೆಸ್ ಫೈಲ್ ಮೊದಲಿಗೆ ಕಣ್ಣಿಗೇ ಬೀಳುವುದಿಲ್ಲ. ಫೈಲ್ ಮ್ಯಾನೇಜರ್‌ನ ಸೆಟಿಂಗ್ಸ್‌ನಲ್ಲಿ ‘ಶೋ ಹಿಡನ್ ಫೈಲ್ಸ್’ ಟಿಕ್ ಮಾಡಬೇಕು. ಅದರ ಹೆಸರು ಬದಲಿಸಿದಾಗ ಸೈಟ್ ಬಂದರೆ ಕಳ್ಳ ಸಿಕ್ಕಿದ ಹಾಗೆ. ಆಮೇಲೆ ವರ್ಡ್‌ಪ್ರೆಸ್ ಸೆಟಿಂಗ್ಸ್‌ನ ಪರ್ಮಾಲಿಂಕ್ಸ್ (ಪುಟಗಳ ವಿಳಾಸದ) ಪುಟದಲ್ಲಿ ಒಮ್ಮೆ ಸೇವ್ ಒತ್ತಿದರೆ ವರ್ಡ್‌ಪ್ರೆಸ್ ಹೊಸ ಫೈಲ್ ಬರೆದುಕೊಳ್ಳುತ್ತದೆ. ಪರ್ಮಿಶನ್ ವಿಷಯ ಚಿಕ್ಕದು: ಫೋಲ್ಡರ್‌ಗೆ 755, ಫೈಲ್‌ಗೆ 644. ಯಾರಾದರೂ 777 (ಎಲ್ಲರಿಗೂ ಎಲ್ಲ ಅನುಮತಿ) ಕೊಡಿ ಅಂದರೆ ಕೊಡಬೇಡಿ, ಕೆಲವು ಸರ್ವರ್‌ಗಳಲ್ಲಿ ಅದರಿಂದಲೇ 500 ಬರುತ್ತದೆ.

ನಮಗೆ ಜಾಸ್ತಿ ಕಾಡಿದ್ದು ಪಿಎಚ್‌ಪಿ ಬದಲಾವಣೆ. 7.4 ಆವೃತ್ತಿಗೆ 2022ರ ನವೆಂಬರ್‌ಗೆ ಅಧಿಕೃತ ಬೆಂಬಲ ಮುಗಿಯಿತು. ಹೋಸ್ಟಿಂಗ್‌ನವರು ಇಂಗ್ಲಿಷ್‌ನಲ್ಲಿ ಒಂದು ಮೇಲ್ ಹಾಕಿ ಎಲ್ಲರನ್ನೂ 8ಕ್ಕೆ ದಾಟಿಸಿದರು. ದಾಟಿಸಿದ್ದು ಸರಿಯೇ. ಆದರೆ ನಮ್ಮ ಹಳೆಯ ಥೀಮ್‌ನಲ್ಲಿ ಪಿಎಚ್‌ಪಿ 8 ಕಿತ್ತುಹಾಕಿದ ಫಂಕ್ಷನ್ ಇತ್ತು, ಸೈಟ್ ಮಲಗಿತು. ‘ಸೆಲೆಕ್ಟ್ ಪಿಎಚ್‌ಪಿ ವರ್ಷನ್’ಗೆ ಹೋಗಿ 7.4ಕ್ಕೆ ಇಳಿಸಿದ ಕೂಡಲೇ ಲಾಗಿನ್ ಬಂತು. ಥೀಮ್ ಬದಲಿಸಿ ಮತ್ತೆ 8ಕ್ಕೆ ಏರಿಸಿದೆವು. ಈ ಸ್ವಿಚ್ ನಮ್ಮ ಕೈಯಲ್ಲಿ ಇಲ್ಲದ ಹೋಸ್ಟಿಂಗ್ ನಾನು ತೆಗೆದುಕೊಳ್ಳುವುದಿಲ್ಲ.

ವರ್ಡ್‌ಪ್ರೆಸ್ 5.2ರಿಂದ, ಅಂದರೆ 2019ರಿಂದ, ರಿಕವರಿ ಮೋಡ್ ಇದೆ. ಕ್ರಿಟಿಕಲ್ ಎರರ್ ಬಂದಾಗ ಅಡ್ಮಿನ್ ಇಮೇಲ್‌ಗೆ ವಿಶೇಷ ಲಿಂಕ್ ಬರುತ್ತದೆ. ಅದರಿಂದ ಒಳಹೋದರೆ ಕೆಟ್ಟ ಪ್ಲಗಿನ್ ನಿಮ್ಮ ಮಟ್ಟಿಗೆ ನಿಂತಿರುತ್ತದೆ, ಹೊರಗಿನವರಿಗೆ ಇನ್ನೂ ಎರರ್ ಕಾಣುತ್ತಲೇ ಇರುತ್ತದೆ. ಒಳ್ಳೆಯ ವ್ಯವಸ್ಥೆ. ಆದರೆ ನಮ್ಮ ಕಡೆಯ ಎಷ್ಟೋ ಹೋಮ್‌ಸ್ಟೇ, ಅಂಗಡಿ ಸೈಟ್‌ಗಳಲ್ಲಿ ಅಡ್ಮಿನ್ ಇಮೇಲ್ ಯಾರದ್ದು ಗೊತ್ತಾ? ಸೈಟ್ ಮಾಡಿಕೊಟ್ಟ ಹುಡುಗನದ್ದು. ಅವನು ಈಗ ಬೆಂಗಳೂರಲ್ಲಿ ಕೆಲಸಕ್ಕಿದ್ದಾನೆ. ಲಿಂಕ್ ಅವನ ಸ್ಪ್ಯಾಮ್ ಫೋಲ್ಡರ್‌ನಲ್ಲಿ ಒಣಗುತ್ತಿರುತ್ತದೆ, ಮಾಲೀಕರು ಇಲ್ಲಿ ಒದ್ದಾಡುತ್ತಿರುತ್ತಾರೆ. ಈ ಮೇಲ್ ದಿನಕ್ಕೊಮ್ಮೆ ಮಾತ್ರ ಹೋಗುವುದು. ಇವತ್ತೇ ವರ್ಡ್‌ಪ್ರೆಸ್‌ನ ಸೆಟಿಂಗ್ಸ್ ತೆರೆದು ಯಾರ ವಿಳಾಸ ಇದೆ ನೋಡಿ. ಡಾಟ್ ಎಚ್‌ಟಿಆಕ್ಸೆಸ್ ಕೆಟ್ಟಿದ್ದರೆ ಅಂತೂ ಈ ಮೇಲ್ ಬರುವುದೇ ಇಲ್ಲ, ವರ್ಡ್‌ಪ್ರೆಸ್ ಎದ್ದಿರುವುದೇ ಇಲ್ಲವಲ್ಲ.

ಬ್ಯಾಕಪ್‌ಗೆ ಒಳ್ಳೆಯ ಮಾರ್ಕ್ಸ್. ಸಿಪ್ಯಾನೆಲ್ ಒಳಗೇ ಜೆಟ್‌ಬ್ಯಾಕಪ್ ಎಂಬ ಬ್ಯಾಕಪ್ ಸಾಧನ ಕೊಟ್ಟಿದ್ದಾರೆ, ಫೈಲ್‌ಗಳನ್ನು ಬೇರೆಯಾಗಿ, ಡೇಟಾಬೇಸನ್ನು ಬೇರೆಯಾಗಿ ಹಿಂದಕ್ಕೆ ತರಬಹುದು. ಇದು ಚಿಕ್ಕ ವಿಷಯ ಅಲ್ಲ. ಬುಕಿಂಗ್‌ಗಳು ಇರುವುದು ಡೇಟಾಬೇಸ್‌ನಲ್ಲಿ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ ಹೊತ್ತಿಗೆ ಸೈಟ್ ಬಿದ್ದಿತು ಅನ್ನಿ. ಗಾಬರಿಯಲ್ಲಿ ‘ಫುಲ್ ರಿಸ್ಟೋರ್’ ಒತ್ತಿದರೆ ಬ್ಯಾಕಪ್ ಆದಮೇಲೆ ಬಂದ ಬುಕಿಂಗ್‌ಗಳು ಮಾಯ. ದುಡ್ಡು ಕಟ್ಟಿದ ಅತಿಥಿ ಬಾಗಿಲಿಗೆ ಬರುತ್ತಾರೆ, ನಮ್ಮ ಪಟ್ಟಿಯಲ್ಲಿ ಹೆಸರೇ ಇರುವುದಿಲ್ಲ. ಪ್ಲಗಿನ್ ಅಪ್‌ಡೇಟ್‌ನಿಂದ ಕೆಟ್ಟಿದ್ದರೆ ಹೆಚ್ಚಿನ ಸಲ ಫೈಲ್ ಮಾತ್ರ ಹಿಂದಕ್ಕೆ ತಂದರೆ ಸಾಕಾಗುತ್ತದೆ.

ಜಾಗದ ಲೆಕ್ಕ ಇನ್ನೊಂದು ಕಿರಿಕಿರಿ. ಡಿಸ್ಕ್ ತುಂಬಿದರೆ ಅಪ್‌ಡೇಟ್ ಅರ್ಧಕ್ಕೆ ನಿಂತು ಸೈಟ್ ಕೆಡುತ್ತದೆ. ತಮಾಷೆ ಅಂದರೆ, ಯಾರೂ ಅಳಿಸದ ಎರರ್_ಲಾಗ್ ಫೈಲೇ ಬೆಳೆದು ಬೆಳೆದು ಜಾಗ ತಿನ್ನಬಹುದು. ಬ್ಯಾಕಪ್ ಪ್ಲಗಿನ್ ಅದೇ ಖಾತೆಯಲ್ಲಿ ಜಿಪ್ ಫೈಲ್ ಪೇರಿಸುತ್ತಾ ಹೋದರೂ ಇದೇ ಗತಿ.

ಬೆಲೆ: ಮೊದಲ ವರ್ಷ ಅಗ್ಗ, ರಿನ್ಯೂವಲ್‌ಗೆ ಕೈ ಕಚ್ಚುತ್ತದೆ, ಮೇಲೆ 18% ಜಿಎಸ್‌ಟಿ. ಕೊಳ್ಳುವಾಗ ರಿನ್ಯೂವಲ್ ರೇಟನ್ನೇ ನಿಜವಾದ ರೇಟ್ ಅಂದುಕೊಳ್ಳಿ.

5ಕ್ಕೆ 3.5 ಕೊಡುತ್ತೇನೆ. ಕಳೆದುಕೊಂಡ ಒಂದೂವರೆ ಪೂರ್ತಿ ಸಪೋರ್ಟ್ ಚಾಟ್‌ನದ್ದು. ಲಾಗ್‌ನ ಒಂದು ಸಾಲು ಓದುವ ತಾಳ್ಮೆ ಇರುವವರಿಗೆ ಈ ಪ್ಲ್ಯಾನ್ ಸಾಕು. ಅದೂ ಆಗದು ಅನ್ನುವವರು ಯಾರಾದರೂ ನೋಡಿಕೊಳ್ಳುವ ಮ್ಯಾನೇಜ್ಡ್ ಹೋಸ್ಟಿಂಗ್ ತೆಗೆದುಕೊಳ್ಳಿ, ದುಡ್ಡು ಜಾಸ್ತಿ ಆಗುತ್ತದೆ. ನಾವು ಈ ಸಲವೂ ರಿನ್ಯೂ ಮಾಡಿದ್ದೇವೆ, ಆದರೆ ಒಂದೇ ವರ್ಷಕ್ಕೆ. ಮೂರು ವರ್ಷದ ಡಿಸ್ಕೌಂಟ್ ಬೇಡ ಅಂದೆವು. ಡೊಮೈನ್ ಮಾತ್ರ ಬೇರೆ ಕಡೆ ಇಟ್ಟಿದ್ದೇವೆ, ನಾಳೆ ಬಿಟ್ಟು ಹೋಗಬೇಕು ಅನಿಸಿದರೆ ಇವರನ್ನು ಕೇಳುತ್ತಾ ಕೂರಬೇಕಾಗಿಲ್ಲ.