ಕಾಫಿ ಡ್ರೈಯರ್‌ನಲ್ಲಿ ಮೂರು ಸೀಸನ್: ಎಂಸಿಪಿ4725 ಡ್ಯಾಕ್ ಚಿಪ್ ಬಗ್ಗೆ ನನ್ನ ಅನುಭವ

ಸುಂಟಿಕೊಪ್ಪದ ಹತ್ತಿರ ಮಾವನ ತೋಟದಲ್ಲಿ ಕಾಫಿ ಒಣಗಿಸುವ ಡ್ರೈಯರ್ ಇದೆ. ಕಣದ ತುಂಬ ಪಾರ್ಚ್‌ಮೆಂಟ್ (ತಿರುಳು ತೆಗೆದ, ಸಿಪ್ಪೆಯಿರುವ ಕಾಫಿ ಬೀಜ) ಹರಡಿರುವಾಗ ಜನವರಿಯಲ್ಲಿ ಅಕಾಲದ ಮಳೆ ಬಂದರೆ ಅದೇ ಗತಿ. ಅದರ ಫ್ಯಾನ್ ಓಡುವುದು ವಿಎಫ್‌ಡಿ, ಅಂದರೆ ಮೋಟರ್ ವೇಗ ಹೆಚ್ಚು ಕಡಿಮೆ ಮಾಡುವ ಸಾಧನದ ಮೇಲೆ. ಎಷ್ಟು ವೇಗ ಬೇಕು ಅನ್ನುವುದನ್ನು ವಿಎಫ್‌ಡಿಗೆ 0ರಿಂದ 10 ವೋಲ್ಟ್‌ನಲ್ಲಿ ಹೇಳಬೇಕು. ಆ ಕೆಲಸಕ್ಕೆ ಇಎಸ್‌ಪಿ32 ಅನ್ನುವ ಪುಟ್ಟ ಕಂಟ್ರೋಲರ್ ಜೊತೆ ಮೈಕ್ರೋಚಿಪ್ ಕಂಪನಿಯ ಎಂಸಿಪಿ4725 ಹಾಕಿದೆ. ಇದು ಡ್ಯಾಕ್, ಅಂದರೆ ಪ್ರೋಗ್ರಾಂ ಕೊಡುವ ಅಂಕಿಯನ್ನು ವೋಲ್ಟೇಜ್ ಆಗಿ ಬದಲಿಸುವ ಚಿಪ್. ಈಗ ಮೂರು ಸೀಸನ್ ಆಯಿತು.

ಡ್ಯಾಕ್ ಅಂದ ತಕ್ಷಣ ಎಲ್ಲರೂ ಕೇಳುವುದು ಎಷ್ಟು ಬಿಟ್ ಅಂತ. ಇದು 12 ಬಿಟ್, ಅಂದರೆ 4096 ಮೆಟ್ಟಿಲು. ಫ್ಯಾನಿನ ಪೂರ್ಣ ವೇಗವಾದ 50 ಹರ್ಟ್ಸ್‌ಗೆ ಹಂಚಿದರೆ ಒಂದು ಮೆಟ್ಟಿಲಿಗೆ 0.012 ಹರ್ಟ್ಸ್. ಅಷ್ಟು ಸಣ್ಣ ವ್ಯತ್ಯಾಸ ಫ್ಯಾನಿಗೆ ಗೊತ್ತೇ ಆಗುವುದಿಲ್ಲ. ಇಂಥ ಕೆಲಸಕ್ಕೆ 16 ಬಿಟ್ ಚಿಪ್ ತಂದರೆ ಸುಮ್ನೆ ದುಡ್ಡು ದಂಡ.

ನೋಡಬೇಕಾದದ್ದು ಬೇರೆಯೇ ಇದೆ. ಮೊದಲ ದಿನ ಪ್ರೋಗ್ರಾಂ ಇನ್ನೂ ಹಾಕಿರಲಿಲ್ಲ, ವಿಎಫ್‌ಡಿಯ ರನ್ ಟರ್ಮಿನಲ್‌ಗೆ ಜಂಪರ್ ಇತ್ತು (ಅಂದರೆ ಓಡು ಅನ್ನುವ ಆಜ್ಞೆ ಯಾವಾಗಲೂ ಇತ್ತು). ಕರೆಂಟ್ ಕೊಟ್ಟದ್ದೇ ತಡ, ಫ್ಯಾನ್ ತಾನಾಗಿ ಅರ್ಧ ವೇಗದಲ್ಲಿ ತಿರುಗಲು ಶುರುವಾಯಿತು. ಮಾವ ಓಡಿ ಹೋಗಿ ಮೇನ್ ಸ್ವಿಚ್ ಇಳಿಸಿದರು. ಈ ಚಿಪ್ಪಿನೊಳಗೆ ಈಪ್ರಾಮ್, ಅಂದರೆ ಕರೆಂಟ್ ಹೋದರೂ ಅಳಿಯದ ಮೆಮೊರಿ ಇದೆ. ಕಾರ್ಖಾನೆಯಿಂದ ಬರುವಾಗ ಅದರಲ್ಲಿ ಸರಿಯಾಗಿ ಅರ್ಧದ ಬೆಲೆ ಬರೆದಿರುತ್ತದೆ. ಕರೆಂಟ್ ಬಂದ ಕೂಡಲೇ ಚಿಪ್ ಅದನ್ನೇ ಹೊರಗೆ ಕೊಡುತ್ತದೆ. ಅವತ್ತೇ ಸೊನ್ನೆ ಬರೆದಿಟ್ಟೆ. ಮಳೆಗಾಲದಲ್ಲಿ ನಮ್ಮಲ್ಲಿ ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗುತ್ತದೋ ಲೆಕ್ಕವಿಲ್ಲ. ಬಂದಾಗಲೆಲ್ಲ ಫ್ಯಾನ್ ಸುಮ್ಮನೆ ನಿಂತಿರುತ್ತದೆ. ನನಗೆ ಈ ಚಿಪ್ ಮೇಲೆ ನಂಬಿಕೆ ಬಂದದ್ದೇ ಇದರಿಂದ. ಒಂದು ಎಚ್ಚರಿಕೆ: ಈಪ್ರಾಮ್‌ಗೆ ಬರೆಯುವ ಆಜ್ಞೆಯನ್ನು ಪದೇ ಪದೇ ಓಡುವ ಲೂಪ್ ಒಳಗೆ ಇಡಬೇಡಿ. ಅದರ ಆಯಸ್ಸು ಸುಮಾರು 10 ಲಕ್ಷ ಸಲ. ಸೆಕೆಂಡಿಗೊಮ್ಮೆ ಬರೆದರೆ 12 ದಿನಕ್ಕೇ ಅಷ್ಟಾಗುತ್ತದೆ.

ಎರಡನೆಯದು ರೆಫರೆನ್ಸ್, ಅಂದರೆ ಔಟ್‌ಪುಟ್‌ಗೆ ಆಧಾರವಾಗುವ ಸ್ಥಿರ ವೋಲ್ಟೇಜ್. ಎಂಸಿಪಿ4725 ಒಳಗೆ ರೆಫರೆನ್ಸ್ ಇಲ್ಲ, ಸಪ್ಲೈ ವೋಲ್ಟೇಜನ್ನೇ ಅಳತೆಗೋಲು ಮಾಡಿಕೊಳ್ಳುತ್ತದೆ. ನಾನು ಹಾಕಿದ್ದು ಅಗ್ಗದ ಅಡಾಪ್ಟರ್. ಸಂಜೆ ಲೈನ್ ಇಳಿದಾಗ ಅದರ 5 ವೋಲ್ಟ್ 4.8 ಆಗುತ್ತಿತ್ತು. 40ಕ್ಕೆ ಇಟ್ಟ ಫ್ಯಾನ್ 38.4 ಹರ್ಟ್ಸ್‌ಗೆ ಇಳಿಯುತ್ತಿತ್ತು. ಚಿಪ್ಪಿಗೆ ಬೇಕಾದ ಕರೆಂಟ್ ಅರ್ಧ ಮಿಲಿಆಂಪಿಗಿಂತ ಕಡಿಮೆ. ಹಾಗಾಗಿ 4.096 ವೋಲ್ಟ್‌ನ ಎಲ್‌ಎಂ4040 ರೆಫರೆನ್ಸ್ ಚಿಪ್ ಹಾಕಿ ಅದರಿಂದಲೇ ಚಿಪ್ಪಿಗೆ ಸಪ್ಲೈ ಕೊಟ್ಟೆ. ಈಗ ಒಂದು ಮೆಟ್ಟಿಲಿಗೆ ಸರಿಯಾಗಿ 1 ಮಿಲಿವೋಲ್ಟ್, ಲೆಕ್ಕವೂ ಸುಲಭ ಅಲ್ವಾ? ಮುಂದೆ ಒಂದು ಆಪ್-ಆಂಪ್ (ವೋಲ್ಟೇಜ್ ಹೆಚ್ಚಿಸುವ ಚಿಪ್) ಅದನ್ನು 10 ವೋಲ್ಟ್‌ವರೆಗೆ ಏರಿಸುತ್ತದೆ. ಹೀಗೆ ಮಾಡುವಾಗ ಬೋರ್ಡಿನ ಪುಲ್-ಅಪ್ ರೆಸಿಸ್ಟರ್‌ಗಳನ್ನು (ಸಿಗ್ನಲ್ ತಂತಿಗಳನ್ನು ಸಪ್ಲೈ ಮಟ್ಟಕ್ಕೆ ಎಳೆದು ಹಿಡಿಯುವವು) ಕಿತ್ತು 3.3 ವೋಲ್ಟ್ ಕಡೆಗೆ ಹಾಕಿ. ಇಲ್ಲದಿದ್ದರೆ 3.3 ವೋಲ್ಟಿನ ಇಎಸ್‌ಪಿ32 ಪಿನ್ನಿಗೆ 4 ವೋಲ್ಟ್ ಹೋಗುತ್ತದೆ.

ಇದರ ಬದಲು ಪಿಸಿಎಂ5102ಎ ಡ್ಯಾಕ್ ಹಾಕಬಹುದಾ ಅಂತ ಕೆಲವರು ಕೇಳಿದ್ದಾರೆ. ಅದು ಹಾಡು ಕೇಳುವುದಕ್ಕೆ ಮಾಡಿದ ಚಿಪ್, ಇಲ್ಲಿ ಬೇಡ.

ತೇವಕ್ಕೆ ಬೋರ್ಡಿನ ತಾಮ್ರ ಹಸಿರಾಗಿತ್ತು. ತೊಳೆದು ವಾರ್ನಿಷ್ ಹೊಡೆದ ಮೇಲೆ ತೊಂದರೆ ಇಲ್ಲ.

ಎರಡನೇ ಡ್ರೈಯರ್‌ಗೆ ಎಂಸಿಪಿ4728 ತಂದಿದ್ದೇನೆ. ನಾಲ್ಕು ಔಟ್‌ಪುಟ್, ಈಪ್ರಾಮ್, ಒಳಗೇ 2.048 ವೋಲ್ಟ್ ರೆಫರೆನ್ಸ್. ಗೇನ್ (ಎಷ್ಟು ಪಟ್ಟು ಹೆಚ್ಚಿಸಬೇಕು ಅನ್ನುವುದು) ಎರಡಕ್ಕೆ ಇಟ್ಟರೆ ಅದೇ 4.096. ಒಂದಕ್ಕಿಂತ ಜಾಸ್ತಿ ಔಟ್‌ಪುಟ್ ಬೇಕಾದವರು ನೇರವಾಗಿ ಇದನ್ನೇ ತಗೊಳ್ಳಿ. ಚಿಪ್ಪಿನ ಒಂದು ಕಾಲಿನ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ ಬರೀ ಅರ್ಧ ಮಿಲಿಮೀಟರ್, ಬೆಸುಗೆ ಹಾಕುವಾಗ ಫ್ಲಕ್ಸ್ ಧಾರಾಳವಾಗಿ ಇರಲಿ.