ಒಂದೇ ಪ್ರೊಸೆಸರ್, ಮೂರು ಮದರ್‌ಬೋರ್ಡ್

ಗೇಮಿಂಗ್ ಕಂಪ್ಯೂಟರ್ ಕಟ್ಟುವಾಗ ಪ್ರೊಸೆಸರ್ ಯಾವುದು, ಗ್ರಾಫಿಕ್ಸ್ ಕಾರ್ಡ್ ಯಾವುದು ಅಂತ ಒಂದೇ ಸಂಜೆಯಲ್ಲಿ ತೀರ್ಮಾನ ಮಾಡಿಬಿಟ್ಟಿದ್ದೆ. ಇವೆಲ್ಲ ಕೂರುವ ಮದರ್‌ಬೋರ್ಡ್ ಆರಿಸಲು ಮೂರು ವಾರ ಹಿಡಿಯಿತು. ಉಳಿದ ಭಾಗಗಳಿಗಾದರೆ ಅಳೆದು ಹೇಳುವ ಲೆಕ್ಕ ಇದೆ, ಇದಕ್ಕೆ ಸೆಕೆಂಡಿಗೆ ಇಷ್ಟು ಫ್ರೇಮ್ (ಪರದೆಯ ಚಿತ್ರ), ಅದಕ್ಕೆ ಅಷ್ಟು ಫ್ರೇಮ್ ಅಂತ. ಬೋರ್ಡಿಗೆ ಅಂಥದ್ದೇನೂ ಇಲ್ಲ. ಡಬ್ಬದ ಮೇಲೆ ಬರೀ ಅಕ್ಷರ, ಸಂಖ್ಯೆ, ಜೊತೆಗೊಂದಿಷ್ಟು ಬಣ್ಣದ ದೀಪದ ಚಿತ್ರ.

ಕೊನೆಗೆ ಬೇಸತ್ತು ಇರುವುದರಲ್ಲೇ ಅಗ್ಗದ್ದನ್ನು ತಂದೆ. ಎಎಂಡಿ ಪ್ರೊಸೆಸರ್‌ಗಳ ಎ620 ಚಿಪ್‌ಸೆಟ್‌ನ (ಬೋರ್ಡಿನ ಪೋರ್ಟ್, ಸ್ಲಾಟ್‌ಗಳನ್ನು ನಿಭಾಯಿಸುವ ಚಿಪ್) ಚಿಕ್ಕ ಬೋರ್ಡ್ ಅದು, ಮೈಕ್ರೋ ಎಟಿಎಕ್ಸ್ ಅಳತೆಯದು. ಏಳೆಂಟು ತಿಂಗಳಾದ ಮೇಲೆ ಬಿ650 ಚಿಪ್‌ಸೆಟ್‌ನ ಪೂರ್ತಿ ಅಳತೆಯ ಬೋರ್ಡಿಗೆ ಬದಲಾಯಿಸಿಕೊಂಡೆ. ಅದೇ ಹೊತ್ತಿಗೆ ಗೆಳೆಯನೊಬ್ಬ ತನ್ನ ಕಂಪ್ಯೂಟರ್ ಕಟ್ಟಿಕೊಡು ಅಂತ ಎಕ್ಸ್670ಇ ಬೋರ್ಡ್ ತಂದು ಕೊಟ್ಟ. ಅವನಿಗೆ ಅವಸರ ಇರಲಿಲ್ಲ, ನನಗೆ ಕುತೂಹಲ ಜಾಸ್ತಿ ಇತ್ತು. ಹಾಗಾಗಿ ನನ್ನ ರೈಜೆನ್ 5 9600ಎಕ್ಸ್ ಪ್ರೊಸೆಸರ್, ಅದೇ ಗ್ರಾಫಿಕ್ಸ್ ಕಾರ್ಡ್, 16 ಜಿಬಿಯ ಅದೇ ಎರಡು ಡಿಡಿಆರ್5 ರ‍್ಯಾಮ್ ಕಡ್ಡಿಗಳು, ಫೈಲ್‌ಗಳು ಉಳಿಯುವ ಅದೇ ಎಸ್‌ಎಸ್‌ಡಿ, ಎಲ್ಲವೂ ಮೂರು ಬೋರ್ಡ್‌ಗಳಲ್ಲಿ ಕೂತು ಎದ್ದವು.

ಎಲ್ಲರೂ ಮೊದಲು ಕೇಳುವ ಪ್ರಶ್ನೆಯನ್ನು ಮುಗಿಸಿಬಿಡುತ್ತೇನೆ. ಆಟ ಯಾವುದರಲ್ಲಿ ಚೆನ್ನಾಗಿ ಓಡಿತು? ಮೂರರಲ್ಲೂ ಒಂದೇ ಥರ. ಒಂದೇ ಆಟದ ಒಂದೇ ದೃಶ್ಯವನ್ನು ಒಂದೊಂದು ಬೋರ್ಡಿನಲ್ಲೂ ಮೂರು ಮೂರು ಸಲ ಓಡಿಸಿ ನೋಡಿದೆ. ಒಂದೆರಡು ಫ್ರೇಮ್ ಹೆಚ್ಚುಕಮ್ಮಿ, ಅಷ್ಟೇ. ಒಂದೇ ಬೋರ್ಡಿನಲ್ಲಿ ಎರಡು ಸಲ ಓಡಿಸಿದರೂ ಅಷ್ಟು ಏರುಪೇರು ಇದ್ದೇ ಇರುತ್ತದೆ. ಎಕ್ಸ್670ಇ ಬೋರ್ಡಿನಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಪಿಸಿಐಇ 5.0 ಸ್ಲಾಟ್ ಇದೆ, ಉಳಿದೆರಡರಲ್ಲಿ 4.0. ಪಿಸಿಐಇ ಅಂದರೆ ಕಾರ್ಡಿಗೂ ಪ್ರೊಸೆಸರ್‌ಗೂ ನಡುವಿನ ಡೇಟಾದ ದಾರಿ, ಸಂಖ್ಯೆ ದೊಡ್ಡದಾದಷ್ಟು ವೇಗ. ನನ್ನ ಕಾರ್ಡೇ 4.0 ಕಾಲದ್ದು. ಅಗಲ ರಸ್ತೆ ಹಾಕಿಸಿ ಅದರ ಮೇಲೆ ಸೈಕಲ್ ಬಿಟ್ಟ ಹಾಗಾಯಿತು.

ಹಾಗಾದರೆ ಅಗ್ಗದ ಬೋರ್ಡ್ ಯಾಕೆ ಬಿಟ್ಟೆ? ಅದರ ಕಥೆ ಮೊದಲ ದಿನವೇ ಶುರುವಾಯಿತು. ಎಲ್ಲಾ ಜೋಡಿಸಿ ಸ್ವಿಚ್ ಒತ್ತಿದೆ. ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪು. ರ‍್ಯಾಮ್ ತೆಗೆದು ಹಾಕಿದೆ, ಕೇಬಲ್ ತೆಗೆದು ಹಾಕಿದೆ, ಕೂಲರ್ ಬಿಚ್ಚಿ ಪ್ರೊಸೆಸರ್ ನೋಡಿದೆ. ಎರಡು ರಾತ್ರಿ ಹಾಳಾದವು. ಆಮೇಲೆ ತಿಳಿಯಿತು ನೋಡಿ: ರೈಜೆನ್ 9000 ಸಾಲು ಬಂದದ್ದು 2024ರ ಆಗಸ್ಟ್‌ನಲ್ಲಿ. ಎ620 ಬಂದದ್ದು 2023ರಲ್ಲಿ. ನನ್ನ ಬೋರ್ಡ್ ಡಬ್ಬದಲ್ಲಿ ಹಳೇ ಬಯೋಸ್ (ಕಂಪ್ಯೂಟರನ್ನು ಎಬ್ಬಿಸುವ, ಬೋರ್ಡಿನೊಳಗಿನ ಸಾಫ್ಟ್‌ವೇರ್) ಇಟ್ಟುಕೊಂಡೇ ಕೂತಿತ್ತು. ಪ್ರೊಸೆಸರ್ ಕೂರುವ ಸಾಕೆಟ್ ಒಂದೇ (ಎಎಂ5) ಆದ್ದರಿಂದ ಪ್ರೊಸೆಸರ್ ಸರಿಯಾಗಿ ಕೂತಿದೆ, ಆದರೆ ಇದು ಯಾರು ಅಂತ ಬೋರ್ಡಿಗೆ ಗೊತ್ತಿಲ್ಲ! ಬಯೋಸ್ ಹೊಸದು ಮಾಡಬೇಕು ಅಂದರೆ ಬೋರ್ಡ್ ಮೊದಲು ಎದ್ದೇಳಬೇಕು. ಎದ್ದೇಳಬೇಕು ಅಂದರೆ ಹೊಸ ಬಯೋಸ್ ಬೇಕು. ಕೊನೆಗೆ ಸಹೋದ್ಯೋಗಿಯೊಬ್ಬರ ಹತ್ತಿರ ರೈಜೆನ್ 5 7600 ಒಂದು ದಿನದ ಮಟ್ಟಿಗೆ ಬೇಡಿ ತಂದು, ಅದನ್ನು ಕೂರಿಸಿ, ಬಯೋಸ್ ಹೊಸದು ಮಾಡಿ, ಮತ್ತೆ ಬಿಚ್ಚಿ ನನ್ನದನ್ನು ಹಾಕಿದೆ.

ಎರಡನೇ ಬೋರ್ಡಿನಲ್ಲೂ ಹಳೇ ಬಯೋಸೇ ಇತ್ತು. ಆದರೆ ಅದರ ಹಿಂಭಾಗದಲ್ಲಿ ಒಂದು ಚಿಕ್ಕ ಗುಂಡಿ ಇದೆ, ಬಯೋಸ್ ಫ್ಲ್ಯಾಶ್‌ಬ್ಯಾಕ್ ಅಂತಾರೆ. ಪೆನ್‌ಡ್ರೈವ್ ಅನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಕಂಪನಿಯ ಕೈಪಿಡಿ ಹೇಳಿದ ಹೆಸರಿನಲ್ಲೇ ಫೈಲ್ ಹಾಕಿ, ಗುರುತು ಮಾಡಿದ ಯುಎಸ್‌ಬಿ ಪೋರ್ಟಿಗೆ ಚುಚ್ಚಿ, ಗುಂಡಿ ಒತ್ತಿದೆ. ಪ್ರೊಸೆಸರ್ ಇನ್ನೂ ಡಬ್ಬದಲ್ಲೇ ಇತ್ತು, ರ‍್ಯಾಮ್ ಕೂಡ. ದೀಪ ಸ್ವಲ್ಪ ಹೊತ್ತು ಮಿಣುಕಿ ಆರಿತು. ಕೆಲಸ ಮುಗಿಯಿತು. ಬೋರ್ಡ್ ನೋಡುವಾಗ ನಾನು ಈಗ ಮೊದಲು ಹುಡುಕುವುದೇ ಈ ಗುಂಡಿಯನ್ನು. ಚಿಪ್‌ಸೆಟ್ ಹೆಸರು ಆಮೇಲೆ.

ಅದರ ಜೊತೆಗೇ ಹುಡುಕುವುದು ನಾಲ್ಕು ಪುಟ್ಟ ದೀಪಗಳನ್ನು. ಸಿಪಿಯು, ರ‍್ಯಾಮ್, ವಿಜಿಎ (ಅಂದರೆ ಗ್ರಾಫಿಕ್ಸ್ ಕಾರ್ಡ್), ಬೂಟ್ ಅಂತ ಬರೆದಿರುತ್ತದೆ. ಕಂಪ್ಯೂಟರ್ ಎಲ್ಲಿ ಸಿಕ್ಕಿಕೊಂಡಿದೆಯೋ ಆ ದೀಪ ಉರಿದೇ ಇರುತ್ತದೆ. ಎ620ರಲ್ಲಿ ಇದು ಇರಲಿಲ್ಲ, ಹಾಗಾಗಿಯೇ ಆ ಎರಡು ರಾತ್ರಿ. ಬಿ650ರಲ್ಲಿ ಇತ್ತು. ಎಕ್ಸ್670ಇಯಲ್ಲಿ ದೀಪಗಳ ಜೊತೆ ಎರಡಂಕಿಯ ಕೋಡ್ ತೋರಿಸುವ ಪುಟ್ಟ ಪರದೆಯೂ ಇತ್ತು. ಅದು ಚೆನ್ನ, ಆದರೆ ನಾಲ್ಕು ದೀಪ ಇದ್ದರೆ ಸಾಕು ಅನ್ನಿಸಿತು.

ಡಿಡಿಆರ್5 ಬೋರ್ಡ್‌ಗಳ ಒಂದು ಗುಣ ಮೊದಲೇ ಗೊತ್ತಿರಲಿ. ಮೊದಲ ಸಲ ಆನ್ ಮಾಡಿದಾಗ ಬೋರ್ಡ್ ರ‍್ಯಾಮನ್ನು ಅಳೆದು, ಹೊಂದಿಸಿಕೊಂಡು ಕೂರುತ್ತದೆ. ಟ್ರೈನಿಂಗ್ ಅಂತಾರೆ ಇದಕ್ಕೆ. ಅಷ್ಟು ಹೊತ್ತು, ಕೆಲವು ಸಲ ಹಲವು ನಿಮಿಷ, ಪರದೆಯಲ್ಲಿ ಏನೂ ಬರುವುದಿಲ್ಲ. ಹೆದರಿ ಸ್ವಿಚ್ ಆಫ್ ಮಾಡಬೇಡಿ. ಒಂದು ಕಾಫಿ ಕುಡಿದು ಬನ್ನಿ.

ರ‍್ಯಾಮ್ ವಿಷಯ ಬಂತಲ್ಲ, ಇಲ್ಲಿ ಅಗ್ಗದ ಬೋರ್ಡ್ ನನ್ನನ್ನು ಬೆರಗುಗೊಳಿಸಿತು. ಎ620ರಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ ಮಾಡಲು, ಅಂದರೆ ನಿಗದಿಗಿಂತ ಜೋರಾಗಿ ಓಡಿಸಲು, ಬಿಡುವುದಿಲ್ಲ. ಆದರೆ ರ‍್ಯಾಮ್‌ಗೆ ಆ ಬೇಲಿ ಇಲ್ಲ. ಕಡ್ಡಿಗಳನ್ನು ಅವುಗಳ ಪೂರ್ತಿ ವೇಗಕ್ಕೆ ಏರಿಸುವ ಎಕ್ಸ್‌ಪೋ ಪ್ರೊಫೈಲ್ ಅನ್ನು ಬಯೋಸ್‌ನಲ್ಲಿ ಆನ್ ಮಾಡಿದ ತಕ್ಷಣ ನನ್ನವು 6000ದ ವೇಗದಲ್ಲಿ ಓಡಿದವು. ಇಂಟೆಲ್ ಕಡೆಯ ಅತಿ ಅಗ್ಗದ ಎಚ್610ರಲ್ಲಿ ಈ ಸವಲತ್ತು ಇಲ್ಲ. ನಮ್ಮ ಮನೆಯಲ್ಲೇ ಅಂಥ ಹಳೆಯದೊಂದು ಇದೆ. ವೇಗದ ರ‍್ಯಾಮ್ ಹಾಕಿದರೂ ಅದು ತನ್ನ ಮಿತಿ ಬಿಟ್ಟು ಮೇಲೆ ಹೋಗುವುದಿಲ್ಲ.

ಇನ್ನು ನಾಲ್ಕು ಸ್ಲಾಟ್‌ಗಳ ಆಸೆ. ಎ620ರಲ್ಲಿ ಎರಡೇ ರ‍್ಯಾಮ್ ಸ್ಲಾಟ್ ಇದ್ದದ್ದು ನನಗೆ ಕೊರತೆ ಅನ್ನಿಸಿತ್ತು. ಗೆಳೆಯನ ಬೋರ್ಡಿನಲ್ಲಿ ನಾಲ್ಕು ಇತ್ತಲ್ಲ, ಅವನ ಎರಡು, ನನ್ನ ಎರಡು ಸೇರಿಸಿ ನಾಲ್ಕೂ ತುಂಬಿಸಿದೆ. 6000ದಲ್ಲಿ ಎದ್ದೇಳಲೇ ಇಲ್ಲ. ಎಕ್ಸ್‌ಪೋ ಆಫ್ ಮಾಡಿದ ಮೇಲೆ ಎದ್ದಿತು, 3600ರಲ್ಲಿ. ಆಮೇಲೆ ಹುಡುಕಿ ನೋಡಿದರೆ, ನಾಲ್ಕು ಕಡ್ಡಿ ಹಾಕಿದಾಗ ಎಎಂಡಿ ಖಾತ್ರಿ ಕೊಡುವ ವೇಗವೇ ಅಷ್ಟು! ಅಷ್ಟು ದೊಡ್ಡ ಬೋರ್ಡಿನಲ್ಲೂ ಎರಡು ಸ್ಲಾಟ್ ಖಾಲಿ ಬಿಡುವುದೇ ಜಾಣತನ. ಎರಡು ಕಡ್ಡಿ ಹಾಕುವಾಗ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು, ನಾಲ್ಕನೆಯದು. ಪಕ್ಕಪಕ್ಕ ಹಾಕಬಾರದು.

ವಿಆರ್‌ಎಂ ಬಗ್ಗೆ ಜನ ಬಹಳ ತಲೆ ಕೆಡಿಸಿಕೊಳ್ಳುತ್ತಾರೆ, ನಾನೂ ಕೆಡಿಸಿಕೊಂಡಿದ್ದೆ. ಪವರ್ ಸಪ್ಲೈಯಿಂದ 12 ವೋಲ್ಟ್ ಬರುತ್ತದೆ, ಪ್ರೊಸೆಸರ್‌ಗೆ ಬೇಕಾದದ್ದು ಸುಮಾರು ಒಂದು ವೋಲ್ಟ್. ಇಳಿಸಿ ಕೊಡುವ ಕೆಲಸ ಸಾಕೆಟ್ ಸುತ್ತ ಇರುವ ಈ ಭಾಗದ್ದು, ಅದಕ್ಕೇ ಅದು ಬಿಸಿಯಾಗುತ್ತದೆ. ಎ620 ಬೋರ್ಡಿನಲ್ಲಿ ಅದರ ಮೇಲೆ ಬಿಸಿ ಹೀರುವ ಲೋಹ, ಹೀಟ್‌ಸಿಂಕ್, ಸಹ ಇರಲಿಲ್ಲ, ಬೋಳು. ಆದರೂ ನನಗೆ ತೊಂದರೆ ಆಗಲಿಲ್ಲ. ಮಾಮೂಲಿ ಸೆಟ್ಟಿಂಗ್‌ನಲ್ಲಿ 9600ಎಕ್ಸ್ ಎಷ್ಟೇ ದುಡಿದರೂ 88 ವ್ಯಾಟ್ ದಾಟದಂತೆ ಮಿತಿ ಇದೆ, ಆಟ ಆಡುವಾಗ ಅಷ್ಟೂ ಬೇಕಿಲ್ಲ. ಗೆಳೆಯನದು ರೈಜೆನ್ 9 7950ಎಕ್ಸ್. ಅದು 230 ವ್ಯಾಟ್ ತನಕ ಎಳೆಯಬಲ್ಲದು, ಅವನು ವಿಡಿಯೋ ಕೆಲಸ ಮಾಡುವಾಗ ಗಂಟೆಗಟ್ಟಲೆ ಎಳೆಯುತ್ತದೆ. ಅದನ್ನು ನನ್ನ ಬೋರ್ಡಿಗೆ ಹಾಕಿ ನೋಡುವ ಧೈರ್ಯ ಮಾಡಲಿಲ್ಲ. ಎ620 ಇರುವುದೇ ಮುಖ್ಯವಾಗಿ 65 ವ್ಯಾಟ್ ದರ್ಜೆಯ ಪ್ರೊಸೆಸರ್‌ಗಳಿಗೆ. ಅವನ ಬೋರ್ಡಿನ ವಿಆರ್‌ಎಂ ಮೇಲಿನ ದಪ್ಪ ಲೋಹ ಅವನಿಗೆ ಬೇಕು. ನನ್ನ ಪ್ರೊಸೆಸರ್ ಅದರಲ್ಲಿ ಕೂತಾಗ ಆ ಲೋಹ ಮುಟ್ಟಿದರೆ ಸುಮ್ನೆ ಬೆಚ್ಚಗಿತ್ತು, ಅಷ್ಟೇ.

ದಿನದ ಬಳಕೆಯಲ್ಲಿ ಕೈಗೆ ತಾಗಿದ ವ್ಯತ್ಯಾಸವೇ ಬೇರೆ. ಎ620ರಲ್ಲಿ ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್ ಇದ್ದದ್ದು ಒಂದು, ಅದೂ ಗ್ರಾಫಿಕ್ಸ್ ಕಾರ್ಡಿನ ಹೊಟ್ಟೆಯ ಕೆಳಗೆ. ಎಸ್‌ಎಸ್‌ಡಿ ಬದಲಾಯಿಸಲು ಕಾರ್ಡ್ ತೆಗೆಯಬೇಕು. ಕಾರ್ಡ್ ತೆಗೆಯಲು ಸ್ಲಾಟಿನ ತುದಿಯ ಚಿಕ್ಕ ಕ್ಲಿಪ್ ಒತ್ತಬೇಕು. ಇವತ್ತಿನ ಕಾರ್ಡ್‌ಗಳು ಇಟ್ಟಿಗೆ ಗಾತ್ರ, ಬೆರಳು ಒಳಗೆ ಹೋಗುವುದೇ ಇಲ್ಲ. ಮರದ ಸ್ಕೇಲ್ ತೂರಿಸಿ, ಉಸಿರು ಬಿಗಿಹಿಡಿದು ಒತ್ತುತ್ತಿದ್ದೆ. ಎಕ್ಸ್670ಇಯಲ್ಲಿ ರ‍್ಯಾಮ್ ಪಕ್ಕದಲ್ಲೇ ಒಂದು ಗುಂಡಿ ಇತ್ತು, ಒತ್ತಿದರೆ ಕ್ಲಿಪ್ ತಾನೇ ಬಿಡುತ್ತದೆ. ಆ ಬೋರ್ಡಿನಲ್ಲಿ ನಾನು ನಿಜವಾಗಿ ಹೊಟ್ಟೆಕಿಚ್ಚು ಪಟ್ಟದ್ದು ಅದೊಂದಕ್ಕೇ. ಬಿ650ರಲ್ಲಿ ಆ ಗುಂಡಿ ಇಲ್ಲ, ಆದರೆ ಮೂರು ಎಂ.2 ಸ್ಲಾಟ್ ಇವೆ. ಒಂದು ಕಾರ್ಡಿನ ಮೇಲ್ಗಡೆ ಇರುವುದರಿಂದ ಸ್ಕೇಲ್ ಬಹಳ ಸಲ ಬೇಕಾಗುವುದಿಲ್ಲ.

ಎಂ.2 ಸ್ಲಾಟ್ ಎಣಿಸುವಾಗ ಕೈಪಿಡಿಯ ಸಣ್ಣ ಅಕ್ಷರವನ್ನೂ ಓದಿ. ನಮ್ಮಿಬ್ಬರ ಥರದ ರೈಜೆನ್ 7000, 9000 ಸಾಲಿನ ಎಎಂ5 ಪ್ರೊಸೆಸರ್‌ಗಳಲ್ಲಿ ಒಟ್ಟು 28 ಪಿಸಿಐಇ ಲೇನ್ (ಡೇಟಾ ಓಡುವ ಸಾಲು) ಇರುತ್ತವೆ, ಅದರಲ್ಲಿ 4 ಚಿಪ್‌ಸೆಟ್‌ಗೆ ಹೋಗುತ್ತವೆ. ಉಳಿದದ್ದನ್ನು ಹೇಗೆ ಹಂಚುವುದು ಅನ್ನುವುದು ಬೋರ್ಡ್ ಮಾಡಿದವರ ಇಷ್ಟ. ಕೆಲವು ದುಬಾರಿ ಬೋರ್ಡ್‌ಗಳಲ್ಲಿ ಒಂದು ಎಂ.2 ತುಂಬಿಸಿದರೆ ಗ್ರಾಫಿಕ್ಸ್ ಕಾರ್ಡಿನ 16 ಲೇನ್ 8ಕ್ಕೆ ಇಳಿಯುತ್ತದೆ. ಕೊಟ್ಟ ಹಾಗೆ ಮಾಡಿ ಕಿತ್ತುಕೊಳ್ಳುವುದು ಅಂದರೆ ಇದೇ, ಅಲ್ವಾ?

ಎಕ್ಸ್670 ಅಂದರೆ ಏನೋ ಬೇರೆಯೇ ಚಿಪ್ ಅಂದುಕೊಂಡಿದ್ದೆ. ನೋಡಿದರೆ ಬಿ650ರಲ್ಲಿ ಒಂದು ಇರುವ ಚಿಪ್ ಇಲ್ಲಿ ಎರಡು, ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿದ್ದಾರೆ. ಪೋರ್ಟ್‌ಗಳು ಜಾಸ್ತಿ ಸಿಗುತ್ತವೆ, ವೇಗವಲ್ಲ. ಆಮೇಲೆ ಬಂದ ಎಕ್ಸ್870ರಲ್ಲಿ ಮತ್ತೆ ಒಂದೇ ಚಿಪ್, ಜೊತೆಗೆ ಯುಎಸ್‌ಬಿ4 ಕಡ್ಡಾಯ. ಹಾಗಾಗಿ ಸಂಖ್ಯೆ ದೊಡ್ಡದಾಯಿತು ಅಂತ ಮರುಳಾಗಬೇಕಿಲ್ಲ.

ಸಣ್ಣಪುಟ್ಟದ್ದು ಇನ್ನೂ ಇವೆ. ಎ620ರಲ್ಲಿ ಕ್ಯಾಬಿನೆಟ್ ಫ್ಯಾನ್‌ಗೆ ಒಂದೇ ಜಾಗ, ನನಗೆ ಬೇಕಿದ್ದದ್ದು ಮೂರು, ಸ್ಪ್ಲಿಟರ್ ಹಾಕಿದೆ. ಮೌಸ್ ಅಲ್ಲಾಡಿಸಿದರೆ ಹೆಡ್‌ಫೋನ್‌ನಲ್ಲಿ ಸಣ್ಣ ಕಿರ್ರ್ ಅನ್ನುವ ಸದ್ದು. ಬಿ650ಕ್ಕೆ ಬಂದ ಮೇಲೆ ಅದು ನಿಂತಿತು. ಬಿ650ರಲ್ಲಿ ವೋಲ್ಟೇಜ್ ಸ್ವಲ್ಪ ಇಳಿಸುವ ಕರ್ವ್ ಆಪ್ಟಿಮೈಜರ್ ಸಿಕ್ಕಿದ್ದರಿಂದ ಕೂಲರ್ ಸದ್ದೂ ತಗ್ಗಿತು. ವೈಫೈ ಮೂರರಲ್ಲಿ ಎರಡರಲ್ಲಿ ಇತ್ತು. ನಾನು ಕೇಬಲ್ ಬಳಸುವವನು, ನೋಡಲಿಲ್ಲ.

ಬದಲಾಯಿಸುವಾಗ ಒಂದು ಎಚ್ಚರಿಕೆ. ಹಿಂದಿನ ಸಾಕೆಟ್ ಎಎಂ4 ಕಾಲದಲ್ಲಿ ಪಿನ್ ಪ್ರೊಸೆಸರ್‌ನಲ್ಲಿ ಇರುತ್ತಿತ್ತು. ಎಎಂ5ರಲ್ಲಿ 1718 ಪಿನ್ ಬೋರ್ಡಿನ ಸಾಕೆಟ್‌ನಲ್ಲೇ ಇವೆ, ಕೂದಲಿನಷ್ಟು ಸಣ್ಣವು. ಒಂದು ಬಗ್ಗಿದರೂ ಬೋರ್ಡ್ ಹೋದಂತೆಯೇ. ಸಾಕೆಟ್ ಮೇಲಿನ ಪ್ಲಾಸ್ಟಿಕ್ ಮುಚ್ಚಳ ಎಸೆಯಬೇಡಿ. ಹಳೇ ಬೋರ್ಡ್ ಯಾರಿಗಾದರೂ ಕೊಡುವಾಗ ಅದು ಬೇಕೇ ಬೇಕು. ನಾನು ಮೊದಲನೆಯದನ್ನು ಎಸೆದಿದ್ದೆ, ಆಮೇಲೆ ಎರಡನೇ ಬೋರ್ಡಿನ ಮುಚ್ಚಳವನ್ನು ಅದಕ್ಕೆ ಹಾಕಿದೆ.

ಈಗ ಎಕ್ಸ್670ಇ ಗೆಳೆಯನ ಮನೆ ಸೇರಿದೆ. ನಾಲ್ಕು ಎಂ.2 ಸ್ಲಾಟ್‌ನಲ್ಲಿ ಮೂರು ಆಗಲೇ ತುಂಬಿವೆ, ಅವನಿಗದು ಸರಿಯಾದ ಬೋರ್ಡ್. ಎ620 ತಮ್ಮನ ಕಂಪ್ಯೂಟರಿನಲ್ಲಿ 7600 ಹೊತ್ತುಕೊಂಡು ತಣ್ಣಗೆ ಓಡುತ್ತಿದೆ. ಅವನು ಕ್ಯಾಬಿನೆಟ್ ತೆರೆಯುವವನೇ ಅಲ್ಲ, ಹಾಗಾಗಿ ಕೊರತೆ ಗೊತ್ತಾಗಿಲ್ಲ. ನಾನು ತಿಂಗಳಿಗೊಮ್ಮೆಯಾದರೂ ಏನಾದರೂ ಬಿಚ್ಚುವವನು, ಬಿ650ರಲ್ಲಿ ಉಳಿದಿದ್ದೇನೆ. ಮರದ ಸ್ಕೇಲ್ ಮಾತ್ರ ಇನ್ನೂ ಕ್ಯಾಬಿನೆಟ್ ಮೇಲೇ ಇದೆ.