ದ್ವಿತೀಯ ಮೇಲ್ಮನವಿ ಸೇವೆ: ಪೀಠ ಭರ್ತಿಯಾಗಿದ್ದರೆ ಮಾತ್ರ ಫಲ

ಮಾಹಿತಿ ಹಕ್ಕಿನ ಅರ್ಜಿ ಹಾಕುವವರಿಗೆ 10 ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದಗಳ ಮಿತಿ, 30 ದಿನಗಳ ಗಡುವು ಇವೆಲ್ಲ ಸಾಮಾನ್ಯವಾಗಿ ಗೊತ್ತಿರುತ್ತವೆ. ಅಧಿಕಾರಿ ಉತ್ತರಿಸದೆ, ಪ್ರಥಮ ಮೇಲ್ಮನವಿಯೂ ಫಲಿಸದಿದ್ದಾಗ ಉಳಿಯುವ ದಾರಿ ಕರ್ನಾಟಕ ಮಾಹಿತಿ ಆಯೋಗದ ದ್ವಿತೀಯ ಮೇಲ್ಮನವಿ. ಈ ಸೇವೆ ಹೇಗಿದೆ ಎಂಬುದನ್ನು ಅದನ್ನು ಬಳಸಿದವನಾಗಿ ಇಲ್ಲಿ ಬರೆಯುತ್ತಿದ್ದೇನೆ. ಇದರ ಗುಣಮಟ್ಟ ಅರ್ಜಿ ನಮೂನೆಗಿಂತಲೂ ಕಟ್ಟಡಕ್ಕಿಂತಲೂ ಹೆಚ್ಚಾಗಿ, ಆಯುಕ್ತರ ಹುದ್ದೆಗಳನ್ನು ಸರ್ಕಾರ ಯಾವಾಗ ಮತ್ತು ಹೇಗೆ ತುಂಬುತ್ತದೆ ಎಂಬುದನ್ನೇ ಅವಲಂಬಿಸಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ನಾನು ಕೇಳಿದ್ದು ಒಂದು ಸ್ಥಳೀಯ ಸಂಸ್ಥೆ ಮಾಡಿಸಿದ ಚರಂಡಿ ಕಾಮಗಾರಿಯ ಅಂದಾಜು ಪಟ್ಟಿ, ಬಿಲ್ಲು ಹಾಗೂ ಅಳತೆ ಪುಸ್ತಕದ ದೃಢೀಕೃತ ನಕಲುಗಳನ್ನು. ವಿಚಾರಣೆಯ ದಿನ ಆ ಸಂಸ್ಥೆಯ ಮಾಹಿತಿ ಅಧಿಕಾರಿ ಪೀಠದ ಮುಂದೆ ನಿಂತು ‘ಮಾಹಿತಿ ಒದಗಿಸಲಾಗಿದೆ’ ಎಂದರು. ಆಯುಕ್ತರು ಅಷ್ಟಕ್ಕೇ ಕಡತ ಮುಚ್ಚಲಿಲ್ಲ. ನನ್ನ ಮೂಲ ಅರ್ಜಿಯನ್ನು ಮುಂದಿಟ್ಟುಕೊಂಡು ಒಂದೊಂದೇ ಅಂಶವನ್ನು ಓದಿದರು, ಕೊಟ್ಟಿದ್ದ ನಕಲುಗಳನ್ನು ತಿರುವಿ ನೋಡಿದರು, ಅಳತೆ ಪುಸ್ತಕದ ಪುಟಗಳೇ ಇಲ್ಲವೆಂಬುದನ್ನು ನಾನು ಬಾಯಿ ತೆರೆಯುವ ಮೊದಲೇ ಗುರುತಿಸಿದರು. ಗಡುವು ಮೀರಿದ್ದರಿಂದ ಆ ಪುಟಗಳನ್ನು ಉಚಿತವಾಗಿ ಅಂಚೆಯಲ್ಲಿ ಕಳುಹಿಸಬೇಕೆಂದೂ, ದಂಡ ಏಕೆ ವಿಧಿಸಬಾರದೆಂಬುದಕ್ಕೆ ಲಿಖಿತ ಸಮಜಾಯಿಷಿ ಸಲ್ಲಿಸಬೇಕೆಂದೂ ಆದೇಶಿಸಿದರು. ವಕೀಲರ ನೆರವಿಲ್ಲದೆ, ಕನ್ನಡದಲ್ಲೇ ವಾದಿಸಿ, ಸಾಮಾನ್ಯ ನಾಗರಿಕನೊಬ್ಬ ಇಂಥ ಆದೇಶ ಪಡೆಯಬಹುದಾದ ವೇದಿಕೆಗಳು ನಮ್ಮಲ್ಲಿ ಹೆಚ್ಚಿಲ್ಲ. ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿವರೆಗೆ ದಂಡ ವಿಧಿಸುವ ಅಧಿಕಾರ ಆಯೋಗಕ್ಕೆ ಮಾತ್ರ ಇದೆ. ಪ್ರಥಮ ಮೇಲ್ಮನವಿ ಪ್ರಾಧಿಕಾರಕ್ಕೆ ಇಲ್ಲ. ಕಡತಗಳು ಕದಲುವುದು ಈ ಅಧಿಕಾರದ ಭಯದಿಂದಲೇ.

ಬೆಂಗಳೂರಿನ ದೇವರಾಜ ಅರಸು ರಸ್ತೆಯ ಮಾಹಿತಿ ಸೌಧದ ಜೊತೆಗೆ ಬೆಳಗಾವಿ ಮತ್ತು ಕಲಬುರಗಿಗಳಲ್ಲೂ ಪೀಠಗಳಿರುವುದು ಉತ್ತರ ಕರ್ನಾಟಕದವರಿಗೆ ದೊಡ್ಡ ಅನುಕೂಲ.

ಇನ್ನು ನನ್ನನ್ನು ಚಿಂತೆಗೀಡುಮಾಡುವ ವಿಷಯ. ಪ್ರಥಮ ಮೇಲ್ಮನವಿಯನ್ನು 30 ದಿನಗಳಲ್ಲಿ, ಕಾರಣ ದಾಖಲಿಸಿದರೆ 45 ದಿನಗಳಲ್ಲಿ ಇತ್ಯರ್ಥಪಡಿಸಬೇಕೆಂದು 2005ರ ಕಾಯ್ದೆ ಹೇಳುತ್ತದೆ. ದ್ವಿತೀಯ ಮೇಲ್ಮನವಿ ಸಲ್ಲಿಸಲು ನಮಗೆ 90 ದಿನಗಳ ಮಿತಿ ಇದೆ, ಆದರೆ ಅದನ್ನು ತೀರ್ಮಾನಿಸಲು ಆಯೋಗಕ್ಕೆ ಯಾವ ಗಡುವೂ ಇಲ್ಲ. ಹಾಗಾಗಿ ಎಷ್ಟು ಜನ ಆಯುಕ್ತರು ಕುಳಿತು ಕಡತ ನೋಡುತ್ತಿದ್ದಾರೆ ಎಂಬುದೇ ವೇಗವನ್ನು ನಿರ್ಧರಿಸುತ್ತದೆ. ಮುಖ್ಯ ಆಯುಕ್ತರಲ್ಲದೆ ಗರಿಷ್ಠ 10 ಆಯುಕ್ತರಿಗೆ ಕಾಯ್ದೆಯಲ್ಲಿ ಅವಕಾಶವಿದೆ. ಒಬ್ಬರು ನಿವೃತ್ತರಾಗಿ ಸ್ಥಾನ ಖಾಲಿ ಉಳಿದರೆ ಅವರ ಕಡತಗಳು ಉಳಿದವರ ಮೇಲೆ ಬೀಳುತ್ತವೆ, ಇಲ್ಲವೇ ಕಾಯುತ್ತವೆ. ಜಾರ್ಖಂಡ್‌ನಲ್ಲಿ 2020ರ ಮೇ ತಿಂಗಳಿನಿಂದ ವರ್ಷಗಟ್ಟಲೆ ಆಯೋಗವೇ ಸ್ಥಗಿತಗೊಂಡಿದ್ದನ್ನು ನೆನೆದರೆ ಇದರ ಗಂಭೀರತೆ ಅರ್ಥವಾಗುತ್ತದೆ. ಅಲ್ಲಿ ಕಾಯ್ದೆ ಜಾರಿಯಲ್ಲಿತ್ತು, ಅರ್ಜಿಗಳೂ ಬರುತ್ತಿದ್ದವು. ತೀರ್ಪು ಕೊಡುವವರನ್ನು ನೇಮಿಸಿರಲಿಲ್ಲ, ಅಷ್ಟೇ.

ಖಾಲಿ ಸ್ಥಾನ ತುಂಬುವ ಕ್ರಮ ಹೀಗಿದೆ. ಮುಖ್ಯಮಂತ್ರಿ, ವಿಧಾನಸಭೆಯ ವಿರೋಧ ಪಕ್ಷದ ನಾಯಕ ಮತ್ತು ಮುಖ್ಯಮಂತ್ರಿ ಸೂಚಿಸುವ ಒಬ್ಬ ಸಂಪುಟ ಸಚಿವ ಸೇರಿದ ಸಮಿತಿ ಹೆಸರುಗಳನ್ನು ಶಿಫಾರಸು ಮಾಡುತ್ತದೆ, ರಾಜ್ಯಪಾಲರು ನೇಮಿಸುತ್ತಾರೆ. ಮೂವರಲ್ಲಿ ಇಬ್ಬರು ಸರ್ಕಾರದವರೇ ಆದ್ದರಿಂದ ವಿರೋಧ ಪಕ್ಷದ ನಾಯಕರ ಭಿನ್ನಾಭಿಪ್ರಾಯ ದಾಖಲಾಗಬಹುದೇ ಹೊರತು ಫಲಿತಾಂಶ ಬದಲಿಸಲಾರದು. ಕಾನೂನು, ವಿಜ್ಞಾನ, ಸಮಾಜ ಸೇವೆ, ಪತ್ರಿಕೋದ್ಯಮ, ಆಡಳಿತ ಮುಂತಾದ ಕ್ಷೇತ್ರಗಳ ಗಣ್ಯರನ್ನು ಕಾಯ್ದೆ ಅಪೇಕ್ಷಿಸುತ್ತದೆಯಾದರೂ ಮುಖ್ಯ ಆಯುಕ್ತರ ಸ್ಥಾನಕ್ಕೆ ನಿವೃತ್ತ ಅಧಿಕಾರಿಗಳೇ ಬರುವ ವಾಡಿಕೆ ಬಲವಾಗಿ ಬೇರೂರಿದೆ. ರಾಜ್ಯದ ಮೊದಲ ಮುಖ್ಯ ಮಾಹಿತಿ ಆಯುಕ್ತರಾದ ಕೆ.ಕೆ. ಮಿಶ್ರಾ ಹಿಂದೆ ಮುಖ್ಯ ಕಾರ್ಯದರ್ಶಿಯಾಗಿದ್ದವರು. 2025ರ ಆರಂಭದಲ್ಲಿ ನೇಮಕಗೊಂಡ ಆಶಿತ್ ಮೋಹನ್ ಪ್ರಸಾದ್ ನಿವೃತ್ತ ಐಪಿಎಸ್ ಅಧಿಕಾರಿ. ಆಡಳಿತದ ಒಳಗುಟ್ಟು ಬಲ್ಲವರು ಆ ಸ್ಥಾನದಲ್ಲಿರುವುದರಿಂದ ಲಾಭವಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅರ್ಜಿದಾರನ ಕಡೆ ನಿಂತು ಕಚೇರಿಯ ಬಾಗಿಲು ತಟ್ಟಿದ ಅನುಭವವೂ ಆ ಪೀಠಗಳಿಗೆ ಬೇಕು.

2019ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿಗಳಾದ ಎ.ಕೆ. ಸಿಕ್ರಿ ಮತ್ತು ನಮ್ಮ ದಕ್ಷಿಣ ಕನ್ನಡದವರೇ ಆದ ಎಸ್. ಅಬ್ದುಲ್ ನಜೀರ್ ಅವರ ಪೀಠ ಈ ವಿಷಯದಲ್ಲಿ ಸ್ಪಷ್ಟವಾಗಿ ಮಾತನಾಡಿದೆ. ಕರ್ನಾಟಕವೂ ಪ್ರತಿವಾದಿಯಾಗಿದ್ದ ಆ ಪ್ರಕರಣದಲ್ಲಿ, ಸ್ಥಾನ ತೆರವಾಗುವ ಒಂದೆರಡು ತಿಂಗಳು ಮೊದಲೇ ನೇಮಕ ಪ್ರಕ್ರಿಯೆ ಆರಂಭವಾಗಬೇಕು, ಆಯ್ಕೆಯಲ್ಲಿ ಪಾರದರ್ಶಕತೆ ಇರಬೇಕು, ಅಧಿಕಾರಿ ವರ್ಗದ ಹೊರಗಿನವರನ್ನೂ ಪರಿಗಣಿಸಬೇಕು ಎಂದು ಹೇಳಲಾಯಿತು. ಯಾವ ಆಯುಕ್ತರ ಅವಧಿ ಎಂದು ಮುಗಿಯುತ್ತದೆ ಎಂಬುದು ಅವರು ಅಧಿಕಾರ ವಹಿಸಿಕೊಂಡ ದಿನವೇ ಗೊತ್ತಿರುವಾಗ, ತೆರವಾದ ಮೇಲೆ ಅರ್ಜಿ ಆಹ್ವಾನಿಸುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಇದೇ ಕಾರಣಕ್ಕೆ ಮುಂದಿನ ದಿನಗಳ ಬಗ್ಗೆ ನನಗೆ ಆತಂಕವಿದೆ. ಮೊದಲು 5 ವರ್ಷಗಳಿದ್ದ ಅವಧಿ 2019ರ ತಿದ್ದುಪಡಿ ಮತ್ತು ಅದರಡಿ ಕೇಂದ್ರ ಸರ್ಕಾರ ರೂಪಿಸಿದ ನಿಯಮಗಳ ನಂತರ 3 ವರ್ಷಕ್ಕೆ ಇಳಿಯಿತು. 2025ರ ಆರಂಭದಲ್ಲಿ ಮುಖ್ಯ ಆಯುಕ್ತರೊಂದಿಗೆ ಹಲವು ಆಯುಕ್ತರನ್ನು ಒಟ್ಟಿಗೇ ನೇಮಿಸಲಾಯಿತು. ಒಟ್ಟಿಗೆ ಬಂದವರ ಅವಧಿ, 65 ವರ್ಷ ವಯಸ್ಸು ತುಂಬಿ ಮೊದಲೇ ನಿವೃತ್ತರಾಗುವವರನ್ನು ಬಿಟ್ಟರೆ, ಒಟ್ಟಿಗೇ ಮುಗಿಯುತ್ತದೆ, ಅಂದರೆ 2028ರ ಆರಂಭದಲ್ಲಿ. ಸರ್ಕಾರ ಮೊದಲೇ ಎಚ್ಚೆತ್ತುಕೊಳ್ಳದಿದ್ದರೆ ಬಹುಪಾಲು ಪೀಠಗಳು ಏಕಕಾಲಕ್ಕೆ ಬರಿದಾಗುತ್ತವೆ, ಅಷ್ಟರಲ್ಲಿ ಕರಗಿದ ಬಾಕಿ ಮತ್ತೆ ಬೆಳೆಯುತ್ತದೆ.

ಸೇವೆಗೆ ಅಂಕ ಕೊಡುವುದಾದರೆ ವಿಚಾರಣೆಗೆ 5ಕ್ಕೆ 4 ಕೊಡುತ್ತೇನೆ. ನೇಮಕದ ವ್ಯವಸ್ಥೆಗೆ 2ಕ್ಕಿಂತ ಹೆಚ್ಚು ಕೊಡಲಾರೆ. ಮೇಲ್ಮನವಿ ಸಲ್ಲಿಸುವವರು ಅರ್ಜಿ, ಪ್ರಥಮ ಮೇಲ್ಮನವಿ ಮತ್ತು ಅಂಚೆ ರಸೀದಿಗಳ ದಿನಾಂಕಗಳನ್ನು ಒಂದೇ ಪುಟದಲ್ಲಿ ಪಟ್ಟಿ ಮಾಡಿ ಲಗತ್ತಿಸಲಿ. ಪೀಠದ ಸಮಯ ಉಳಿಯುತ್ತದೆ, ಆದೇಶವೂ ಸ್ಪಷ್ಟವಾಗಿ ಬರುತ್ತದೆ. ನಿಮ್ಮ ಕಡತ ತೆರವಾದ ಪೀಠದಲ್ಲಿದ್ದರೆ ಬೇರೆ ಪೀಠಕ್ಕೆ ವರ್ಗಾಯಿಸಿ ಎಂದು ಆಯೋಗದ ಕಾರ್ಯದರ್ಶಿಗೆ ಲಿಖಿತ ಮನವಿ ಕೊಡಿ. 2027ರ ಕೊನೆಯ ಹೊತ್ತಿಗೂ ಹೊಸ ನೇಮಕಕ್ಕೆ ಅಧಿಸೂಚನೆ ಹೊರಡದಿದ್ದರೆ, ಆ ಕಡತ ಯಾವ ಹಂತದಲ್ಲಿದೆ, ಯಾರ ಮೇಜಿನ ಮೇಲಿದೆ ಎಂದು ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆಯನ್ನು ಇದೇ ಕಾಯ್ದೆಯಡಿ 10 ರೂಪಾಯಿ ಕಟ್ಟಿ ಕೇಳಬಹುದು.